ಹೂವಿಲ್ಲದ ಗಿಡವನ್ನು ಗುರುತಿಸುವುದು ಹೇಗೆ?

ಹೂಬಿಟ್ಟು ನಿಂತಿರುವ ಗಿಡದ ಹೆಸರನ್ನು ತಿಳಿಯುವುದು ಬಹಳ ಕಷ್ಟದ ಕೆಲಸವಲ್ಲ. ದಾಸವಾಳದ ಹೂವನ್ನಾಗಲಿ ಸಂಪಿಗೆಯ ಹೂವನ್ನಾಗಲಿ ಒಮ್ಮೆ ಕಂಡವರು ಮತ್ತೆ ಮರೆಯಲಾರರು. ಆದರೆ ಬಹಳಷ್ಟು ಗಿಡಮರಗಳು ವರ್ಷದಲ್ಲಿ ಕೆಲವೇ ವಾರಗಳ ಕಾಲ ಹೂಬಿಡುತ್ತವೆ. ಮಿಕ್ಕ ದಿನಗಳನ್ನೆಲ್ಲ ಹಸುರೆಲೆಗಳ ಮರೆಯಲ್ಲಿ ಅಜ್ಞಾತವಾಸದಂತೆ ಕಳೆಯುತ್ತವೆ. ಹಿತ್ತಿಲಿನ ಮೂಲೆಯಲ್ಲಿ ತಾನಾಗಿ ಹುಟ್ಟಿಕೊಂಡ ಸಸಿ, ಹಿಂದಿನ ಬಾಡಿಗೆದಾರರು ನೆಟ್ಟುಹೋದ ಪೊದೆ, ಶಾಲೆಯ ಬೇಲಿಯಲ್ಲಿ ಬೆಳೆದ ಗಿಡ, ಇವುಗಳ ಹೆಸರೇನೆಂಬ ಪ್ರಶ್ನೆ ಹೆಚ್ಚಾಗಿ ಹೂವಿಲ್ಲದ ಕಾಲದಲ್ಲಿಯೇ ಏಳುತ್ತದೆ.

ಆಗ ನಾವು ಮಾಡುವುದೇನು? ಒಂದು ಎಲೆಯನ್ನು ಕಿತ್ತು, ಬಲ್ಲವರ ಬಳಿಗೆ ಒಯ್ದು, ‘ಇದು ಯಾವ ಗಿಡದ್ದು?’ ಎಂದು ಕೇಳುತ್ತೇವೆ. ಸಸ್ಯಶಾಸ್ತ್ರ ಬಲ್ಲವರು ಎಲೆಯನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, ಉತ್ತರಕ್ಕೆ ಬದಲಾಗಿ ಒಂದು ಮರುಪ್ರಶ್ನೆಯನ್ನು ಹಾಕುತ್ತಾರೆ: ‘ಇದು ಕೊಂಬೆಯ ಮೇಲೆ ಹೇಗೆ ಕುಳಿತಿತ್ತು?’ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಎಲೆಯನ್ನು ಕಿತ್ತ ಕ್ಷಣದಲ್ಲಿಯೇ ಅತ್ಯಂತ ಮುಖ್ಯವಾದ ಸಾಕ್ಷ್ಯವನ್ನು ನಾವು ಗಿಡದಲ್ಲಿಯೇ ಬಿಟ್ಟು ಬಂದಿರುತ್ತೇವೆ. ಆ ಸಾಕ್ಷ್ಯ ಯಾವುದು, ಅದನ್ನು ಓದುವ ಕ್ರಮವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇದು ಕೇವಲ ಕುತೂಹಲದ ಮಾತಲ್ಲ. ಎಲೆಗಳನ್ನು ನಾವು ಚಟ್ನಿಗೆ ಅರೆಯುತ್ತೇವೆ, ಕಷಾಯಕ್ಕೆ ಕುದಿಸುತ್ತೇವೆ, ದನಕರುಗಳಿಗೆ ಮೇವಾಗಿ ಹಾಕುತ್ತೇವೆ. ನಮ್ಮ ತೋಟಗಳಲ್ಲಿ ಅತಿ ಸಾಮಾನ್ಯವಾದ ಒಂದು ಗಿಡದ ಎಲೆ ಹೃದಯವನ್ನೇ ನಿಲ್ಲಿಸಬಲ್ಲದು. ಅದರ ವಿಷಯ ಮುಂದೆ ಬರುತ್ತದೆ.

ಆಕಾರವೆಂಬ ಚಂಚಲ ಸಾಕ್ಷಿ

ಎಲೆಯನ್ನು ನೋಡಿದೊಡನೆ ನಮ್ಮ ಕಣ್ಣು ಮೊದಲು ಹಿಡಿಯುವುದು ಅದರ ಆಕಾರವನ್ನು. ದುರದೃಷ್ಟವಶಾತ್ ಗಿಡದ ಲಕ್ಷಣಗಳಲ್ಲೆಲ್ಲ ಬಹು ಚಂಚಲವಾದುದು ಇದೇ. ಕ್ರೋಟನ್ ಗಿಡಗಳನ್ನು ನೋಡಿ: ಒಂದರ ಎಲೆ ಅಗಲ, ಇನ್ನೊಂದರದು ರಿಬ್ಬನ್ನಿನಂತೆ ಕಿರಿದು, ಮತ್ತೊಂದರದು ತಿರುಪಿನಂತೆ ಸುರುಳಿ, ಮಗುದೊಂದರಲ್ಲಿ ಎಲೆ ನಡುವೆ ತುಂಡಾಗಿ ನರವೊಂದೇ ಉಳಿದು ತುದಿಯಲ್ಲಿ ಮತ್ತೆ ಎಲೆ ಜೋತಾಡುತ್ತದೆ. ತೋಟಗಾರರು ಇವಕ್ಕೆ ಬೇರೆಬೇರೆ ಹೆಸರುಗಳನ್ನಿಟ್ಟಿದ್ದರೂ ಇವೆಲ್ಲವೂ ಒಂದೇ ಪ್ರಭೇದದ ತಳಿಗಳು. ಹಲಸಿನ ಎಳೆಯ ಸಸಿಯಲ್ಲಿ ಎಲೆಗಳು ಹಲವೊಮ್ಮೆ ಬೆರಳುಗಳಂತೆ ಸೀಳಿರುತ್ತವೆ. ಬೆಳೆದ ಮರದಲ್ಲಿ ಅವು ಸೀಳಿಲ್ಲದ ನುಣುಪಾದ ಎಲೆಗಳು. ನೆರಳಿನಲ್ಲಿ ಬೆಳೆದ ಎಲೆ ಅಗಲವೂ ತೆಳುವೂ ಆದರೆ, ಅದೇ ಗಿಡದ ಬಿಸಿಲಿನ ಎಲೆ ಚಿಕ್ಕದೂ ದಪ್ಪವೂ ಆಗಿರುತ್ತದೆ.

ಇದಕ್ಕೆ ಕಾರಣವಿದೆ. ಎಲೆಯ ಹಾಸು ಬಿಸಿಲು, ಗಾಳಿ, ನೀರುಗಳೊಡನೆ ಪ್ರತಿದಿನವೂ ವ್ಯವಹರಿಸತಕ್ಕ ಅಂಗ. ಅದರ ರೂಪ ಪರಿಸ್ಥಿತಿಗೆ ಹೊಂದಿಕೊಳ್ಳಬೇಕಾಗುತ್ತದೆ. ಒಂದೇ ಬಗೆಯ ಪರಿಸ್ಥಿತಿಯಲ್ಲಿ ಬಾಳಿದ ಬೇರೆಬೇರೆ ಕುಟುಂಬದ ಗಿಡಗಳು ಒಂದೇ ಬಗೆಯ ಎಲೆಯನ್ನು ತಳೆಯುವುದೂ ಉಂಟು. ಆದ್ದರಿಂದ ಆಕಾರದ ಹೋಲಿಕೆಯಿಂದ ನೆಂಟಸ್ತಿಕೆಯನ್ನು ಊಹಿಸುವುದು, ಒಂದೇ ಬಣ್ಣದ ಅಂಗಿ ತೊಟ್ಟವರನ್ನು ಅಣ್ಣತಮ್ಮಂದಿರೆಂದು ಎಣಿಸಿದಂತಾಗುತ್ತದೆ.

ಎಲೆಗಳು ಕೊಂಬೆಯ ಮೇಲೆ ಹುಟ್ಟುವ ಸ್ಥಾನವಾದರೋ ಹೀಗೆ ಸುಲಭವಾಗಿ ಬದಲಾಗುವುದಿಲ್ಲ. ಕುಡಿಯ ತುದಿಯಲ್ಲಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಬುಟಿನ ಮೇಲೆ, ಎಲೆಗಳು ಒಂದಾದ ಮೇಲೊಂದರಂತೆ ಮೊಳೆಯುತ್ತವೆ. ಮೊದಲು ಹುಟ್ಟಿದ ಎಲೆಯ ಮೊಳಕೆ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ತನ್ನ ಸುತ್ತಲಿನಿಂದ ಸೆಳೆದುಕೊಳ್ಳುವುದರಿಂದ, ಮುಂದಿನ ಎಲೆಗೆ ಅದರ ಪಕ್ಕದಲ್ಲಿ ಎಡೆಯಿಲ್ಲ. ಆಕ್ಸಿನ್ ಮತ್ತೆ ಕೂಡಿಕೊಳ್ಳುವ ದೂರದ ತಾವಿನಲ್ಲಿಯೇ ಅದು ತಲೆಯೆತ್ತಬೇಕು. ಈ ವ್ಯವಸ್ಥೆ ಕುಡಿಯ ಒಳಗೆ ನಡೆಯುವಂಥದು. ಹೊರಗಿನ ಬಿಸಿಲುಗಾಳಿಗಳ ಪ್ರಭಾವ ಅಲ್ಲಿಗೆ ಅಷ್ಟಾಗಿ ಮುಟ್ಟದು. ಎಲೆ ಏನಾಗಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ. ಈ ಲೇಖನದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಕಂಕುಳಿನ ಮೊಗ್ಗು

ಕೊಂಬೆಯ ಮೇಲೆ ಎಲೆ ಹುಟ್ಟುವ ತಾಣಕ್ಕೆ ಗಿಣ್ಣು ಎಂದು ಹೆಸರು. ಎಲೆಯ ತೊಟ್ಟು ಕೊಂಬೆಯನ್ನು ಸೇರುವಲ್ಲಿ, ಅದರ ಮೇಲ್ಗಡೆಯ ಕೋನಕ್ಕೆ ಎಲೆಯ ಕಂಕುಳು ಎನ್ನುತ್ತೇವೆ. ಯಾವ ಗಿಡವನ್ನೇ ಆಗಲಿ ಹಿಡಿದು ಈ ಕಂಕುಳಿನಲ್ಲಿ ಗಮನಿಸಿ ನೋಡಿದರೆ, ಸಾಸಿವೆಯಷ್ಟೋ ಅಕ್ಕಿಕಾಳಿನಷ್ಟೋ ಇರುವ ಒಂದು ಪುಟ್ಟ ಮೊಗ್ಗು ಕಾಣುತ್ತದೆ. ಇಲ್ಲಿ ಮೊಗ್ಗು ಎಂದರೆ ಹೂಮೊಗ್ಗೇ ಆಗಬೇಕಾಗಿಲ್ಲ. ಮುಂದೆ ರೆಂಬೆಯಾಗಿ ಬೆಳೆಯತಕ್ಕ ಎಳೆಯ ಕುಡಿಯೂ ಮೊಗ್ಗೇ. ಕೊಂಬೆಯ ತುದಿಯಲ್ಲಿರುವುದು ತುದಿಮೊಗ್ಗು, ಎಲೆಯ ಬುಡದಲ್ಲಿರುವುದು ಕಂಕುಳಮೊಗ್ಗು.

ಈ ಅಲ್ಪವಸ್ತುವಿನಿಂದ ಒಂದು ದೊಡ್ಡ ಗೊಂದಲ ಪರಿಹಾರವಾಗುತ್ತದೆ. ಯಾವುದು ಎಲೆ, ಯಾವುದು ಎಲೆಯ ತುಂಡು, ಯಾವುದು ರೆಂಬೆ? ಹುಣಸೆಯನ್ನೂ ಬೆಟ್ಟದ ನೆಲ್ಲಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲಿಯೂ ನಡುವೆ ಒಂದು ತೆಳುವಾದ ಕಡ್ಡಿ, ಅದರ ಎರಡು ಪಕ್ಕಗಳಲ್ಲಿ ಸಾಲಾಗಿ ಕಿರಿದಾದ ಹಸುರು ತುಣುಕುಗಳು. ಮೇಲುನೋಟಕ್ಕೆ ಎರಡೂ ಒಂದೇ ಮಾದರಿ. ಆದರೆ ಹುಣಸೆಯ ಸಣ್ಣ ತುಣುಕುಗಳ ಬುಡದಲ್ಲಿ ಎಷ್ಟು ಹುಡುಕಿದರೂ ಮೊಗ್ಗು ಸಿಕ್ಕುವುದಿಲ್ಲ. ಇಡಿಯ ಕಡ್ಡಿ ಕೊಂಬೆಯನ್ನು ಸೇರುವಲ್ಲಿ ಮಾತ್ರ ಸಿಕ್ಕುತ್ತದೆ. ಎಂದರೆ ಆ ತುಣುಕುಗಳೆಲ್ಲ ಕೂಡಿ ಒಂದೇ ಎಲೆ; ಅದು ಸಂಯುಕ್ತಪರ್ಣ. ನೆಲ್ಲಿಯಲ್ಲಿ ಆ ಸಣ್ಣ ತುಣುಕುಗಳ ಕಂಕುಳಿನಲ್ಲಿಯೇ ಹೂಮೊಗ್ಗುಗಳು ಏಳುತ್ತವೆ, ಕಾಯಿಗಳು ಅಲ್ಲಿಯೇ ಕಚ್ಚುತ್ತವೆ. ಆದ್ದರಿಂದ ಅಲ್ಲಿ ಒಂದೊಂದು ತುಣುಕೂ ಒಂದೊಂದು ಪೂರ್ಣವಾದ ಎಲೆ. ನಡುವಣ ಕಡ್ಡಿ ಒಂದು ರೆಂಬೆ. ಆ ರೆಂಬೆ ಎಲೆಯಂತೆ ಉದುರಿಯೂ ಹೋಗುವುದರಿಂದ ಭ್ರಮೆ ಇನ್ನಷ್ಟು ಬಲವಾಗುತ್ತದೆ. ಹಿತ್ತಿಲುಗಳಲ್ಲಿ ಕಳೆಯಂತೆ ಬೆಳೆಯುವ ಕಿರುನೆಲ್ಲಿಯಲ್ಲಿಯೂ ಇದೇ ರಚನೆಯನ್ನು ಕಾಣಬಹುದು.

ಕರಾವಳಿ ಮಲೆನಾಡುಗಳ ನೆಡುತೋಪುಗಳಲ್ಲಿ ಬೆಳೆಸಿರುವ ಆಸ್ಟ್ರೇಲಿಯ ಮೂಲದ ಅಕೇಶಿಯ ಇನ್ನೊಂದು ಉದಾಹರಣೆ. ಕುಡುಗೋಲಿನಂತೆ ಬಾಗಿದ ಅದರ ‘ಎಲೆ’ಗಳು ನಿಜವಾಗಿ ಅಗಲವಾಗಿ ಬೆಳೆದ ತೊಟ್ಟುಗಳು. ಮೊಳೆತ ಹೊಸದರಲ್ಲಿ ಸಸಿ ಜಾಲಿಯಂತೆ ಗರಿಯೆಲೆಗಳನ್ನೇ ಬಿಡುತ್ತದೆ. ಬರಬರುತ್ತ ತೊಟ್ಟು ಚಪ್ಪಟೆಯಾಗಿ, ಗರಿ ಕಾಣೆಯಾಗುತ್ತದೆ. ಕಂಕುಳಿನ ಮೊಗ್ಗು ಮಾತ್ರ ತನ್ನ ಸ್ಥಾನವನ್ನು ಬಿಟ್ಟಿರುವುದಿಲ್ಲ.

ಮುಳ್ಳುಗಳ ಜಾತಕವನ್ನೂ ಇದೇ ಅಳತೆಗೋಲಿನಿಂದ ತಿಳಿಯಬಹುದು. ನಿಂಬೆಯ ಮುಳ್ಳು ಕಂಕುಳಿನಲ್ಲಿ, ಮೊಗ್ಗಿನ ಪಕ್ಕದಲ್ಲಿಯೇ ಇರುತ್ತದೆ. ಕಾಗದದ ಹೂವೆನ್ನುವ ಬೋಗನ್‌ವಿಲ್ಲದ ಮುಳ್ಳೂ ಕಂಕುಳಿನದೇ. ಇವು ಮಾರ್ಪಟ್ಟ ರೆಂಬೆಗಳು. ಎಲಚಿಯ ಮುಳ್ಳುಗಳು ಎಲೆಯ ಬುಡದ ಎಡಬಲಗಳಲ್ಲಿ ಜೋಡಿಯಾಗಿರುತ್ತವೆ. ಗುಲಾಬಿಯ ಮುಳ್ಳುಗಳಾದರೋ ಗಿಣ್ಣನ್ನು ಲೆಕ್ಕಿಸದೆ ಕಾಂಡದ ಮೇಲೆ ಎಲ್ಲೆಂದರಲ್ಲಿ ಎದ್ದಿರುತ್ತವೆ. ಅವು ಸಿಪ್ಪೆಯ ಬೆಳವಣಿಗೆಗಳಷ್ಟೆ, ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಕಳಚಿಬರುತ್ತವೆ. ಚುಚ್ಚುವುದರಲ್ಲಿ ಮೂರೂ ಸಮಾನವಾದರೂ ಹುಟ್ಟಿನಲ್ಲಿ ಮೂರೂ ಬೇರೆ.

ಗಿಣ್ಣಿಗೆಷ್ಟು ಎಲೆ?

ಎಲೆ ಯಾವುದೆಂದು ನಿಶ್ಚಯವಾದ ಮೇಲೆ ಎರಡನೆಯ ಪ್ರಶ್ನೆ: ಒಂದು ಗಿಣ್ಣಿನಲ್ಲಿ ಎಷ್ಟು ಎಲೆಗಳಿವೆ? ಒಂದೇ ಇದ್ದರೆ ಅದು ಪರ್ಯಾಯ ಜೋಡಣೆ. ಎದುರುಬದುರಾಗಿ ಎರಡಿದ್ದರೆ ಅಭಿಮುಖ ಜೋಡಣೆ. ಮೂರೋ ಹೆಚ್ಚೋ ಇದ್ದರೆ ಸುತ್ತುಜೋಡಣೆ.

ಪರ್ಯಾಯ ಜೋಡಣೆಯಲ್ಲಿಯೂ ಒಳಭೇದಗಳಿವೆ. ಸೀತಾಫಲದಲ್ಲಿ ಎಲೆಗಳು ಕೊಂಬೆಯ ಎರಡೇ ಪಕ್ಕಗಳಲ್ಲಿ, ಒಂದು ಎಡಕ್ಕೆ ಒಂದು ಬಲಕ್ಕೆ ಎಂಬಂತೆ ಬರುತ್ತವೆ. ದಾಸವಾಳದಲ್ಲಿ ಅವು ಕೊಂಬೆಯನ್ನು ಸುತ್ತಿಕೊಂಡು ಮೇಲೇರುತ್ತವೆ. ಒಂದು ಎಲೆಯಿಂದ ಮೊದಲುಮಾಡಿ, ಮೇಲಿನ ಎಲೆಗಳನ್ನು ದಾರದಿಂದ ಕ್ರಮವಾಗಿ ಬಳಸುತ್ತ ಹೋದರೆ, ದಾರ ಕೊಂಬೆಯನ್ನು ಎರಡು ಸುತ್ತು ಸುತ್ತುವಷ್ಟರಲ್ಲಿ ಆರನೆಯ ಎಲೆ ಮೊದಲಿನದರ ನೇರ ಮೇಲಕ್ಕೆ ಬಂದಿರುತ್ತದೆ. ಎರಡು ಸುತ್ತಿಗೆ ಐದು ಎಲೆ ಎಂಬ ಈ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬೇಕು.

ಅಭಿಮುಖ ಜೋಡಣೆಯಲ್ಲಿ ಸಾಮಾನ್ಯವಾಗಿ ಒಂದು ಜೊತೆ ಎಲೆ ಪೂರ್ವಪಶ್ಚಿಮವಾಗಿದ್ದರೆ ಮುಂದಿನ ಜೊತೆ ಉತ್ತರದಕ್ಷಿಣವಾಗಿರುತ್ತದೆ. ತುಳಸಿಯನ್ನು ಮೇಲಿನಿಂದ ನೋಡಿದರೆ ಈ ಶಿಲುಬೆಯಾಕಾರ ಚೆನ್ನಾಗಿ ಕಾಣುತ್ತದೆ; ಅದರ ಎಳೆಯ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ತಗಲುತ್ತವೆ. ದೊಡ್ಡಪತ್ರೆ, ಪುದೀನ ಮೊದಲಾದ ಅದರ ಬಂಧುಗಳಲ್ಲಿಯೂ ಅಭಿಮುಖವಾದ ಎಲೆಗಳು, ವಾಸನೆ ಇವೆರಡೂ ಜೊತೆಗೂಡಿ ಬರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದೇ ಗಿಣ್ಣನ್ನು ನೋಡಿ ತೀರ್ಪು ಕೊಡಬಾರದು. ನೀಲಗಿರಿಯ ಎಳೆಯ ಸಸಿಯಲ್ಲಿ ಎಲೆಗಳು ಎದುರುಬದುರಾಗಿದ್ದು, ಬೆಳೆದ ಮರದಲ್ಲಿ ಪರ್ಯಾಯವಾಗುತ್ತವೆ. ಸೂರ್ಯಕಾಂತಿಯ ಕೆಳಗಣ ಎಲೆಗಳು ಜೋಡಿ, ಮೇಲಣವು ಒಂಟಿ. ಆದಕಾರಣ ಬೆಳೆದ ಗಿಡದಲ್ಲಿ, ನಾಲ್ಕಾರು ಗಿಣ್ಣುಗಳನ್ನು, ಅದರಲ್ಲಿಯೂ ನೇರವಾಗಿ ಮೇಲಕ್ಕೆ ಬೆಳೆಯುತ್ತಿರುವ ಕುಡಿಯನ್ನು ಪರೀಕ್ಷಿಸುವುದು ಕ್ರಮ.

ಕಾವಿನೆಲೆ ಮತ್ತು ಹಾಲು

ಎಲೆಯ ಬುಡದ ಇಕ್ಕೆಲಗಳಲ್ಲಿ ಕೆಲವು ಗಿಡಗಳಿಗೆ ಪುಟ್ಟ ಎಸಳುಗಳಂತಹ ಅಂಗಗಳಿರುತ್ತವೆ. ಇವಕ್ಕೆ ಕಾವಿನೆಲೆಗಳೆಂದು ಹೆಸರು. ಎಳೆಯ ಮೊಗ್ಗನ್ನು ಕಾಯುವುದು ಇವುಗಳ ಮುಖ್ಯ ಕೆಲಸ. ಕೆಲಸ ಮುಗಿದೊಡನೆ ಎಷ್ಟೋ ಗಿಡಗಳಲ್ಲಿ ಇವು ಉದುರಿಹೋಗುತ್ತವೆ, ಆದರೆ ಗಾಯದ ಗುರುತನ್ನು ಉಳಿಸಿಹೋಗುತ್ತವೆ.

ಸಂಪಿಗೆಯ ಕೊಂಬೆಯ ತುದಿಯಲ್ಲಿ ಚೂಪಾದ, ರೋಮಗಳುಳ್ಳ ಒಂದು ಟೋಪಿಯಿರುತ್ತದೆ. ಅದು ಕಾವಿನೆಲೆಗಳಿಂದಾದ ಹೊದಿಕೆ. ಎಲೆ ಬಿಚ್ಚಿಕೊಂಡಾಗ ಟೋಪಿ ಕಳಚಿಬಿದ್ದು, ಗಿಣ್ಣಿನ ಸುತ್ತ ಉಂಗುರದಂತಹ ಗೆರೆಯೊಂದು ಉಳಿಯುತ್ತದೆ. ಆಲ, ಅರಳಿ, ಅತ್ತಿ, ಹಲಸುಗಳಲ್ಲಿಯೂ ಇಂಥದೇ ಉಂಗುರವುಂಟು. ಕುಂಡಗಳಲ್ಲಿ ಬೆಳೆಸುವ ರಬ್ಬರ್ ಗಿಡದ ತುದಿಯ ಕೆಂಪು ಕೊಳವೆಯನ್ನು ಹೂಮೊಗ್ಗೆಂದು ತಿಳಿಯುವವರಿದ್ದಾರೆ, ಅದೂ ಕಾವಿನೆಲೆಯೇ. ಹಾಗಾದರೆ ಸಂಪಿಗೆಯನ್ನು ಆಲದ ಬಳಗದಿಂದ ಬೇರ್ಪಡಿಸುವುದು ಹೇಗೆ? ಒಂದು ಎಲೆಯ ತೊಟ್ಟನ್ನು ಮುರಿಯಿರಿ. ಬಿಳಿಯ ಹಾಲು ಒಸರಿದರೆ ಆಲದ ಬಳಗ. ಹಾಲಿಲ್ಲದಿದ್ದರೆ ಸಂಪಿಗೆಯ ಕಡೆಗೆ ನೋಡಬೇಕು.

ಅಭಿಮುಖ ಎಲೆಗಳ ಗಿಡಗಳಲ್ಲಿಯೂ ಈ ಎರಡು ಪರೀಕ್ಷೆಗಳು ಬಹಳ ಉಪಯುಕ್ತ. ಕೇಪಳದ ಗಿಣ್ಣನ್ನು ಭೂತಗನ್ನಡಿಯಿಂದ ನೋಡಿದರೆ, ಎರಡು ಎಲೆಗಳ ತೊಟ್ಟುಗಳ ನಡುವಣ ಎಡೆಯಲ್ಲಿ ಚೂಪಾದ ತ್ರಿಕೋಣಾಕಾರದ ಕಾವಿನೆಲೆ ಕಾಣುತ್ತದೆ. ಕಾಫಿ, ಮುಸ್ಸಂಡಗಳಲ್ಲಿಯೂ ಇದೇ ಗುರುತು. ಇವೆಲ್ಲ ಕಾಫಿಯ ಕುಟುಂಬಕ್ಕೆ ಸೇರಿದವು. ಅಭಿಮುಖವಾದ, ಅಂಚು ಸೀಳದ ಎಲೆ ಹಾಗೂ ತೊಟ್ಟುಗಳ ನಡುವೆ ಕಾವಿನೆಲೆ, ಇಷ್ಟು ಕಂಡರೆ ಹೂವಿಗಾಗಿ ಕಾಯದೆ ಈ ಕುಟುಂಬದ ಹೆಸರನ್ನು ಹೇಳಬಹುದು. ನಂದಿಬಟ್ಟಲಿನ ಎಲೆ ನೋಟಕ್ಕೆ ಕಾಫಿಯಂತೆಯೇ ಹೊಳೆಯುವುದಾದರೂ ಅದರಲ್ಲಿ ಈ ತ್ರಿಕೋಣವಿಲ್ಲ. ಮುರಿದರೆ ಹಾಲು ಸುರಿಯುತ್ತದೆ. ಅದು ಕಣಗಿಲೆಯ ಕುಟುಂಬದ ಗಿಡ.

ಹಾಲನ್ನು ಪರೀಕ್ಷಿಸುವಾಗ ನಾಲಗೆಯನ್ನು ದೂರವಿಡಬೇಕು. ಯಾವ ಅಪರಿಚಿತ ಗಿಡವನ್ನೂ ರುಚಿನೋಡಿ ಗುರುತಿಸತಕ್ಕದ್ದಲ್ಲ. ಕಳ್ಳಿಯ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೆ ಅಪಾಯ. ಕೈಗಳನ್ನು ತೊಳೆದ ಹೊರತು ಕಣ್ಣುಬಾಯಿಗಳನ್ನು ಮುಟ್ಟಿಕೊಳ್ಳಬಾರದು.

ಐದು ನೀಳ ಎಲೆಗಳು

ಈಗ ಇಷ್ಟನ್ನೂ ಒಂದು ನಿಜವಾದ ಸಮಸ್ಯೆಗೆ ಅನ್ವಯಿಸಿ ನೋಡೋಣ. ಮೇಜಿನ ಮೇಲೆ ಐದು ಎಲೆಗಳಿವೆ ಎಂದಿಟ್ಟುಕೊಳ್ಳಿ. ಐದೂ ನೀಳವಾದವು, ತುದಿಯಲ್ಲಿ ಚೂಪಾದವು, ಅಂಚು ಹಲ್ಲಿಲ್ಲದವು, ನಡುನರ ಎದ್ದುಕಾಣುವಂಥವು. ಇವು ಮಾವು, ಕಂಬದಂತೆ ನೇರವಾಗಿ ಬೆಳೆಯುವ ಮದ್ರಾಸ್ ಅಶೋಕ, ಬಾಟಲ್‌ಬ್ರಷ್, ಹಳದಿ ಕಣಗಿಲೆ ಮತ್ತು ಕಣಗಿಲೆ. ಐದೂ ಕರ್ನಾಟಕದ ಊರುಗಳ ತೋಟ, ರಸ್ತೆ, ಶಾಲೆಯ ಆವರಣಗಳಲ್ಲಿ ದಿನವೂ ಕಾಣತಕ್ಕವು. ಬಿಡಿಯೆಲೆಗಳಾಗಿ, ಗಾತ್ರದಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೂ, ಹೊಸಬರಿಗೆ ಇವು ಗೊಂದಲವನ್ನೇ ಉಂಟುಮಾಡುತ್ತವೆ. ರೆಂಬೆಸಮೇತ ಇದ್ದರೆ ಗೊಂದಲಕ್ಕೆ ಎಡೆಯೇ ಇಲ್ಲ.

ಮಾವಿನಲ್ಲಿ ಎಲೆಗಳು ಸುತ್ತುಕ್ರಮದ ಪರ್ಯಾಯ. ರೆಂಬೆಯ ತುದಿಯಲ್ಲಿ ಗುಂಪುಗೂಡಿರುತ್ತವೆ, ಕೆಳಗೆ ಸ್ವಲ್ಪ ದೂರ ಬರಿಯ ಕಾಂಡ, ಅದರ ಕೆಳಗೆ ಮತ್ತೊಂದು ಗುಂಪು. ಮಾವು ಎಡೆಬಿಡದೆ ಬೆಳೆಯದೆ ಕಾಲಕಾಲಕ್ಕೆ ಚಿಗುರುವುದರಿಂದ ಈ ಅಂತರಗಳು ಉಂಟಾಗುತ್ತವೆ. ಎಲೆಯ ತೊಟ್ಟು ಬುಡದಲ್ಲಿ ಊದಿಕೊಂಡಿರುತ್ತದೆ. ಹಿಸುಕಿದರೆ ಬರುವ ಮಾವಿನ ವಾಸನೆ ಎಲ್ಲರಿಗೂ ಗೊತ್ತಿರುವುದೇ.

ಮದ್ರಾಸ್ ಅಶೋಕದಲ್ಲಿ ಎಲೆಗಳು ಪರ್ಯಾಯವಾದರೂ ಎರಡೇ ಸಾಲುಗಳಲ್ಲಿ ಬರುತ್ತವೆ, ಅಂಚು ಅಲೆಯಲೆಯಾಗಿರುತ್ತದೆ, ಕಾವಿನೆಲೆಯಿಲ್ಲ, ಹಾಲಿಲ್ಲ. ಸೀತಾಫಲವನ್ನು ನೆನೆಸಿಕೊಂಡವರು ತಪ್ಪಿಲ್ಲ. ಎರಡೂ ಒಂದೇ ಕುಟುಂಬದವು. ನಿಜವಾದ ಅಶೋಕಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ನಿಜವಾದ ಅಶೋಕದ ಎಲೆ ಸಂಯುಕ್ತಪರ್ಣ. ಅದರ ಬಿಡಿ ತುಣುಕಿನ ಬುಡದಲ್ಲಿ ಮೊಗ್ಗನ್ನು ಹುಡುಕಿದರೆ ನಿಜ ಬಯಲಾಗುತ್ತದೆ.

ಬಾಟಲ್‌ಬ್ರಷ್ಷಿನ ಎಲೆಗಳೂ ಪರ್ಯಾಯವೇ. ಎಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದರೆ ಸೂಜಿಯಿಂದ ಚುಚ್ಚಿದಂತೆ ಅಸಂಖ್ಯ ಎಣ್ಣೆಚುಕ್ಕೆಗಳು ಕಾಣುತ್ತವೆ. ಹಿಸುಕಿದರೆ ನೀಲಗಿರಿಯನ್ನು ನೆನಪಿಗೆ ತರುವ ಪರಿಮಳ. ಇದರ ಕಾಂಡದಲ್ಲಿ ಇನ್ನೊಂದು ವಿಶೇಷವುಂಟು. ಹೂಗೊಂಚಲಿನ ತುದಿಯಲ್ಲಿರುವ ಮೊಗ್ಗು ಅಲ್ಲಿಗೇ ನಿಲ್ಲದೆ ಮತ್ತೆ ಎಲೆಯ ಕುಡಿಯಾಗಿ ಬೆಳೆದುಹೋಗುತ್ತದೆ. ಆದ್ದರಿಂದ ಗುಂಡಿಗಳಂತಹ ಗಟ್ಟಿಯಾದ ಕಾಯಿಗಳು ಹಳೆಯ ಕಾಂಡವನ್ನು ಸುತ್ತುವರಿದು ವರ್ಷಗಟ್ಟಲೆ ಅಂಟಿಕೊಂಡಿರುತ್ತವೆ. ಹೂವಿಲ್ಲದಿದ್ದರೂ ಹೂವಿದ್ದ ಚರಿತ್ರೆ ಅಲ್ಲಿ ಬರೆದಿರುತ್ತದೆ.

ಹಳದಿ ಕಣಗಿಲೆ ಅಮೆರಿಕದ ಉಷ್ಣಪ್ರದೇಶಗಳಿಂದ ಬಂದ ಗಿಡ. ಇದರ ಎಲೆಗಳು ಬಹಳ ಕಿರಿದು, ಹೊಳಪುಳ್ಳವು. ಗಿಣ್ಣಿಗೊಂದರಂತೆ ಒತ್ತೊತ್ತಾಗಿ ಸುತ್ತಿಕೊಂಡು ಬರುತ್ತವೆ. ನಡುನರದ ಹೊರತು ಬೇರೆ ನರಗಳು ಕಾಣುವುದೇ ಇಲ್ಲವೆನ್ನಬಹುದು. ಮುರಿದರೆ ಅಚ್ಚಬಿಳಿಯ ಹಾಲು ಧಾರಾಳವಾಗಿ ಬರುತ್ತದೆ.

ಕಣಗಿಲೆಯಲ್ಲಿ ಗಿಣ್ಣಿಗೆ ಮೂರು ಎಲೆಗಳು. ಎಲ್ಲೋ ಕೆಲವು ಕಡೆ ಎರಡೋ ನಾಲ್ಕೋ ಇರುವುದುಂಟಾದರೂ ಮೂರೇ ಸಾಮಾನ್ಯ. ಎಲೆ ದಪ್ಪ, ಚರ್ಮದಂತಹುದು. ನಡುನರದಿಂದ ಅಂಚಿನವರೆಗೆ ನವುರಾದ ಪಕ್ಕನರಗಳು ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ, ಸಮಾನಾಂತರವಾಗಿ ಸಾಗುತ್ತವೆ. ತಳಭಾಗದಲ್ಲಿ ನರಗಳ ನಡುವೆ ಸಣ್ಣ ಗುಳಿಗಳಿದ್ದು, ಅವುಗಳೊಳಗೆ ರೋಮಗಳ ಮರೆಯಲ್ಲಿ ಎಲೆಯ ಉಸಿರುರಂಧ್ರಗಳಿರುತ್ತವೆ. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಇದರ ಅಡ್ಡಸೀಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುವ ವಾಡಿಕೆಯುಂಟು. ರೆಂಬೆಯ ತುದಿ ಹೂಗೊಂಚಲಾಗಿ ಮುಗಿದ ಬಳಿಕ, ಅದರ ಕೆಳಗಣ ಮೂರು ಕಂಕುಳಮೊಗ್ಗುಗಳು ಏಳುವುದರಿಂದ ಗಿಡ ಮೂರುಮೂರಾಗಿ ಕವಲೊಡೆಯುತ್ತದೆ. ಇದರ ರಸ ನಂದಿಬಟ್ಟಲಿನದರಷ್ಟು ಬೆಳ್ಳಗಿರುವುದಿಲ್ಲ, ಹಲವೊಮ್ಮೆ ನೀರಿನಂತೆಯೇ ಇರುತ್ತದೆ. ‘ಹಾಲಿಲ್ಲ, ಆದ್ದರಿಂದ ಕಣಗಿಲೆಯಲ್ಲ’ ಎಂದು ತೀರ್ಮಾನಿಸುವುದು ಅಪಾಯಕರ. ಇಲ್ಲಿ ಹಾಲಿಗಿಂತ ಗಿಣ್ಣಿನ ಲೆಕ್ಕವನ್ನು ನಂಬಬೇಕು.

ಅಪಾಯವೇಕೆಂದರೆ, ಕಣಗಿಲೆಯ ಬೇರು, ತೊಗಟೆ, ಎಲೆ, ಹೂ, ಬೀಜ ಎಲ್ಲವೂ ವಿಷ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಅದರಲ್ಲಿರುವ ಒಲಿಯಾಂಡ್ರಿನ್ ಮುಂತಾದ ವಸ್ತುಗಳು ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಪೊಟಾಸಿಯಂಗಳ ಆಗುಹೋಗನ್ನು ನಡೆಸುವ ಪಂಪನ್ನು ತಡೆದು, ಬಡಿತದ ಲಯವನ್ನು ಕೆಡಿಸುತ್ತವೆ. ಹೃದ್ರೋಗಕ್ಕೆ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಕೊಡುವ ಡಿಜಾಕ್ಸಿನ್ ಕೂಡ ಇದೇ ವರ್ಗದ ವಸ್ತು. ಹಳದಿ ಕಣಗಿಲೆಯೂ ಇಷ್ಟೇ ಅಪಾಯಕಾರಿ. ಅದರ ಬೀಜವಂತೂ ಘೋರ ವಿಷ. ದನಗಳು ಈ ಎಲೆಗಳನ್ನು ತಿಂದು ಸಾಯುವುದುಂಟು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳ ನೈವೇದ್ಯ ಪ್ರಸಾದಗಳಲ್ಲಿ ಕಣಗಿಲೆಯ ಹೂವನ್ನು ಬಳಸಕೂಡದೆಂದು ನಿರ್ಧರಿಸಿದುದು ಈ ಕಾರಣದಿಂದಲೇ.

ಆ ಸುದ್ದಿಯಲ್ಲಿ ಕನ್ನಡಿಗರು ಗಮನಿಸತಕ್ಕ ಒಂದು ಅಂಶವಿದೆ. ಮಲೆಯಾಳದಲ್ಲಿಯೂ ತಮಿಳಿನಲ್ಲಿಯೂ ಕಣಗಿಲೆಗೆ ‘ಅರಳಿ’ ಎಂದು ಹೆಸರು. ಕನ್ನಡದ ಅರಳಿ ಎಂದರೆ ಅಶ್ವತ್ಥ. ಗಡಿ ದಾಟಿದೊಡನೆ ಒಂದೇ ಹೆಸರು ಪೂಜೆಯ ಮರದಿಂದ ವಿಷದ ಪೊದೆಗೆ ಹಾರಿತು. ಕನ್ನಡದೊಳಗೂ ಹೆಸರುಗಳು ಕೆಲವೊಮ್ಮೆ ದಾರಿ ತೋರಿಸುತ್ತವೆ, ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ನಿತ್ಯಪುಷ್ಪವನ್ನು ಕಾಶಿಕಣಗಿಲೆಯೆಂದೂ, ದಪ್ಪ ಕೊಂಬೆಗಳ ಹಾಲುಗಿಡವೊಂದನ್ನು ದೇವಕಣಗಿಲೆಯೆಂದೂ ಕರೆದ ನಮ್ಮ ಹಿರಿಯರ ಕಣ್ಣು ಸೂಕ್ಷ್ಮವಾದುದು; ಅವೆರಡೂ ಕಣಗಿಲೆಯ ಕುಟುಂಬದವೇ. ಆದರೆ ಕೆಂಡಸಂಪಿಗೆ, ನಾಗಸಂಪಿಗೆಗಳು ಸಂಪಿಗೆಯ ಹೆಸರನ್ನು ಹಂಚಿಕೊಂಡಿದ್ದರೂ ಕುಟುಂಬದಲ್ಲಿ ಬೇರೆಬೇರೆ. ನೀರಿಯಂ ಒಲಿಯಾಂಡರ್ ಎಂಬಂತಹ ಶಾಸ್ತ್ರೀಯ ನಾಮಗಳು ಮೊದಲಿಗೆ ಬಾಯಿಗೆ ಒರಟಾದರೂ ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ಮೊಗ್ಗಿನೊಳಗಣ ಹೂ

ಗಿಡದಲ್ಲಿ ಹೂಮೊಗ್ಗು ಮೂಡಿದ್ದರೆ ಕೆಲಸ ಇನ್ನೂ ಹಗುರ. ಮೊಗ್ಗೆಂದರೆ ಮಡಿಸಿಟ್ಟ ಹೂವು. ಅರಳಿದಾಗ ಕಾಣುವ ಅಂಗಗಳೆಲ್ಲ ಅದರಲ್ಲಿ ಆಗಲೇ ಸಿದ್ಧವಾಗಿರುತ್ತವೆ. ಮಡಿಸಿದ ಬಗೆಯೂ ಒಂದು ಕುಲಲಕ್ಷಣ. ಕಣಗಿಲೆ, ನಂದಿಬಟ್ಟಲು, ದೇವಕಣಗಿಲೆಗಳ ಮೊಗ್ಗುಗಳಲ್ಲಿ ದಳಗಳು ಮಡಿಸಿದ ಕೊಡೆಯಂತೆ ಒಂದೇ ದಿಕ್ಕಿಗೆ ತಿರುಚಿಕೊಂಡಿರುತ್ತವೆ.

ದಾಸವಾಳದ ಬಲಿತ ಮೊಗ್ಗನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ನೋಡಿ. ಎಲ್ಲಕ್ಕೂ ಹೊರಗೆ ಹಸುರಾದ ಕಿರುಎಸಳುಗಳ ಒಂದು ಸುತ್ತು. ಅದರೊಳಗೆ ಬಟ್ಟಲಿನಂತೆ ಕೂಡಿರುವ ಐದು ಪುಷ್ಪಪತ್ರಗಳು. ಅವುಗಳ ಹಾಲೆಗಳು ಅಂಚಿಗೆ ಅಂಚು ತಾಗಿ ನಿಂತಿರುತ್ತವೆ, ಒಂದರ ಮೇಲೊಂದು ಬಂದಿರುವುದಿಲ್ಲ. ಅದರೊಳಗೆ ಐದು ದಳಗಳು ತಿರುಚಿಕೊಂಡಿರುತ್ತವೆ. ಎಲ್ಲಕ್ಕೂ ನಡುವೆ ಕೇಸರಗಳು ಕೂಡಿ ಆದ ಕೊಳವೆ. ಹತ್ತಿ, ಬೆಂಡೆಗಳ ಮೊಗ್ಗನ್ನು ಕೊಯ್ದರೂ ಇದೇ ಯೋಜನೆ ಕಾಣುವುದು. ಒಂದು ಮೊಗ್ಗನ್ನು ಕೊಯ್ದು ಒಂದು ಕುಟುಂಬವನ್ನೇ ಅರಿತಂತಾಯಿತು.

ಶಾಸ್ತ್ರವು ನಡೆದುಬಂದ ದಾರಿ

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟಾರಂ’ ಗ್ರಂಥದಲ್ಲಿ ಸಸ್ಯಗ��ನ್ನು ಮುಖ್ಯವಾಗಿ ಕೇಸರ ಮತ್ತು ಶಲಾಕೆಗಳ ಲೆಕ್ಕದಿಂದ ವಿಂಗಡಿಸಿದನು. ಅಂದಿನಿಂದ ಹೂವೇ ಸಸ್ಯಶಾಸ್ತ್ರಜ್ಞರ ಮುಖ್ಯ ಆಧಾರವಾಯಿತು. ಆದರೆ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣದ ಕಾಡಿನಲ್ಲಿ ನಿಂತವರಿಗೆ ಈ ಆಧಾರ ಸಾಲದು. ಅಲ್ಲಿ ಹೂಗಳು ಆಕಾಶದೆತ್ತರದಲ್ಲಿರುತ್ತವೆ, ಅದೂ ವರ್ಷದಲ್ಲಿ ಕೆಲವೇ ದಿನ. ಈ ಕೊರತೆಯನ್ನು ನೀಗಿಸಲು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಪಾಸ್ಕಲ್ ಮತ್ತು ಬಿ. ಆರ್. ರಮೇಶ್ 1987ರಲ್ಲಿ ಆ ಕಾಡುಗಳ ಮರಬಳ್ಳಿಗಳಿಗೆ ಒಂದು ಕೈಪಿಡಿಯನ್ನು ಹೊರತಂದರು. ಎಲೆಯ ಜೋಡಣೆ, ಕಾವಿನೆಲೆ, ಹಾಲು ಮುಂತಾದ, ಎಲ್ಲ ಕಾಲದಲ್ಲಿಯೂ ಕೈಗೆಟಕುವ ಲಕ್ಷಣಗಳೇ ಅದರ ಅಡಿಪಾಯ.

1998ರಿಂದ ಈಚೆಗೆ ಡಿ.ಎನ್.ಎ. ಆಧಾರದ ಮೇಲೆ ಹೂಗಿಡಗಳ ಕುಟುಂಬಗಳನ್ನು ಹೊಸದಾಗಿ ಏರ್ಪಡಿಸಲಾಗಿದೆ. 2009ರಲ್ಲಿ ಸಸ್ಯಗಳ ಗುರುತಿಗಾಗಿ ಡಿ.ಎನ್.ಎ.ಯ ಎರಡು ನಿರ್ದಿಷ್ಟ ಭಾಗಗಳನ್ನು ವಿಜ್ಞಾನಿಗಳು ಸೂಚಿಸಿದರು. ಎಲೆಯ ಒಂದು ಚೂರಿನಿಂದಲೂ ಗಿಡದ ಬಳಗವನ್ನು ಪ್ರಯೋಗಶಾಲೆಯಲ್ಲಿ ಹುಡುಕಬಹುದಾಗಿದೆ. ಮೊಬೈಲ್ ಫೋನಿನಲ್ಲಿ ಚಿತ್ರ ಹಿಡಿದರೆ ಹೆಸರನ್ನು ಸೂಚಿಸುವ ಆ್ಯಪ್‌ಗಳೂ ಬಂದಿವೆ. ಅವು ಒಳ್ಳೆಯ ಸಹಾಯಕರು. ಆದರೆ ಅವಕ್ಕೆ ನಾವು ತೋರಿಸಿದಷ್ಟೇ ಕಾಣುವುದು. ಒಂಟಿ ಎಲೆಯ ಚಿತ್ರವನ್ನು ಕೊಟ್ಟರೆ ಮೇಜಿನ ಮೇಲಿನ ಐದು ಎಲೆಗಳ ಗೊಂದಲ ಅವಕ್ಕೂ ತಪ್ಪಿದ್ದಲ್ಲ. ಗಿಣ್ಣು, ತುದಿಮೊಗ್ಗು, ಎಲೆಯ ಹಿಂಭಾಗ ಇವುಗಳ ಚಿತ್ರಗಳನ್ನೂ ಕೊಟ್ಟು, ಬಂದ ಉತ್ತರವನ್ನು ಗಿಡದೊಡನೆ ಹೋಲಿಸಿ ಒಪ್ಪಬೇಕು. ತಿನ್ನುವ ವಿಷಯದಲ್ಲಿ ಮಾತ್ರ ಬರಿಯ ಚಿತ್ರದ ಆಧಾರವನ್ನು ಎಂದಿಗೂ ನಂಬಲಾಗದು.

ಮಾಡಿ ನೋಡುವ ಕ್ರಮ

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ: ಹತ್ತರಷ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಬ್ಲೇಡು, ಒಂದು ನೋಟ್‌ಪುಸ್ತಕ, ಹಳೆಯ ವೃತ್ತಪತ್ರಿಕೆಗಳು. ಬಿಡಿಯೆಲೆಯನ್ನು ಕೀಳದೆ, ನಾಲ್ಕೈದು ಗಿಣ್ಣುಗಳೂ ತುದಿಮೊಗ್ಗೂ ಇರುವ ರೆಂಬೆಯನ್ನು, ಗಿಡದ ಒಡೆಯರನ್ನು ಕೇಳಿ, ಕತ್ತರಿಸಿಕೊಳ್ಳಬೇಕು. ಬಳಿಕ ಈ ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರ ಬರೆಯಬೇಕು:

1. ಮೊಗ್ಗು ಎಲ್ಲಿದೆ? ಆದ್ದರಿಂದ ಎಲೆ ಎಲ್ಲಿಂದ ಎಲ್ಲಿಯವರೆಗೆ? ಅದು ಸರಳವೋ ಸಂಯುಕ್ತವೋ?

2. ಗಿಣ್ಣಿಗೆ ಎಷ್ಟು ಎಲೆ? ಒಂದಾದರೆ, ಎರಡು ಸಾಲೋ ಸುತ್ತೋ?

3. ಕಾವಿನೆಲೆ ಇದೆಯೇ? ಉದುರಿದ್ದರೆ ಅದರ ಗುರುತು ಉಂಗುರವೋ, ಬರಿಯ ಗೀರೋ?

4. ಮುರಿದರೆ ಹಾಲು ಬರುವುದೇ? ಅದರ ಬಣ್ಣವೇನು?

5. ಬೆಳಕಿಗೆ ಹಿಡಿದರೆ ಎಣ್ಣೆಚುಕ್ಕೆಗಳಿವೆಯೇ? ಹಿಸುಕಿದರೆ ವಾಸನೆಯಿದೆಯೇ?

6. ತುದಿಮೊಗ್ಗು ಬರಿದಾಗಿದೆಯೋ, ರೋಮ ಅಥವಾ ಹೊದಿಕೆಯಿಂದ ಮುಚ್ಚಿದೆಯೋ?

7. ಇವೆಲ್ಲ ಆದ ಮೇಲೆ ಕೊನೆಯದಾಗಿ, ಎಲೆಯ ಆಕಾರ, ಅಂಚು, ನರಗಳು ಹೇಗಿವೆ?

ಆಕಾರವನ್ನು ಕೊನೆಗೆ ಇಟ್ಟಿರುವುದು ಅದು ನಿರುಪಯುಕ್ತವೆಂದಲ್ಲ. ಮೊದಲ ಪ್ರಶ್ನೆಗಳು ಕುಟುಂಬವನ್ನು ಗೊತ್ತುಮಾಡಿದ ಮೇಲೆ, ಆ ಕುಟುಂಬದೊಳಗೆ ಒಂದೊಂದು ಗಿಡವನ್ನು ಬೇರ್ಪಡಿಸಲು ಆಕಾರವೇ ನೆರವಾಗುತ್ತದೆ. ಊರನ್ನು ತಿಳಿದ ಮೇಲೆ ಬೀದಿ, ಬೀದಿಯನ್ನು ತಿಳಿದ ಮೇಲೆ ಮನೆ. ಉತ್ತರಗಳನ್ನು ಬರೆದ ಬಳಿಕ ರೆಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು ಒಣಗಿಸಿ, ಸ್ಥಳ ಮತ್ತು ತೇದಿಯನ್ನು ನಮೂದಿಸಿಡಬೇಕು. ಬೆಂಗಳೂರಿನ ಲಾಲ್‌ಬಾಗಿನಂತಹ ಉದ್ಯಾನಗಳಲ್ಲಿ ಹೆಸರಿನ ಫಲಕವಿರುವ ಮರಗಳ ಮೇಲೆ ಮೊದಲು ಈ ಪ್ರಶ್ನೆಗಳನ್ನು ಪ್ರಯೋಗಿಸಿದರೆ, ಉತ್ತರವನ್ನು ಅಲ್ಲಿಯೇ ಒರೆಗೆ ಹಚ್ಚಬಹುದು.

ಈ ಅಭ್ಯಾಸ ಕೆಲವು ವೇಳೆ ಪ್ರಾಣವನ್ನೂ ಉಳಿಸೀತು. ಮಗುವೊಂದು ಗೊತ್ತಿಲ್ಲದ ಎಲೆಯನ್ನೋ ಕಾಯಿಯನ್ನೋ ಅಗಿದುಬಿಟ್ಟರೆ, ವಾಂತಿಯಾಗಲೆಂದೋ ತಲೆಸುತ್ತಲೆಂದೋ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಗುವಾಗ ಆ ಗಿಡದ ಒಂದು ರೆಂಬೆಯನ್ನು, ಗಿಣ್ಣು ಮೊಗ್ಗು ಎಲೆಗಳ ಸಮೇತ, ಜೊತೆಯಲ್ಲಿ ಒಯ್ಯಬೇಕು. ಬಾಯಿಂದ ತೆಗೆದ ಅಗಿದ ಚೂರಿನಿಂದ ಗಿಡವನ್ನು ಹೇಳುವುದು ಬಲ್ಲವರಿಗೂ ಕಷ್ಟ. ಗಿಣ್ಣಿಗೆ ಮೂರು ಎಲೆಗಳಿರುವ ರೆಂಬೆಯನ್ನು ಕಂಡರೆ ಈ ಲೇಖನವನ್ನು ಓದಿದ ವಿದ್ಯಾರ್ಥಿಯೂ ಕಣಗಿಲೆಯನ್ನು ಶಂಕಿಸಬಲ್ಲನು.